ಬಸ್ಸು ತುಂಬಿದೆ, ಆದರೂ ‘ನಷ್ಟದ ರೂಟು’ ಯಾಕೆ?

ಪ್ರಶ್ನೆ: ನಾನು ಹಳ್ಳಿಯ ಹೈಸ್ಕೂಲೊಂದರಲ್ಲಿ ಟೀಚರ್. ನಮ್ಮೂರಿನಿಂದ ತಾಲೂಕು ಕೇಂದ್ರಕ್ಕೆ 18 ಕಿ.ಮೀ. ಬೆಳಗ್ಗೆ ಎಂಟಕ್ಕೆ ಒಂದೇ ಸರ್ಕಾರಿ ಬಸ್. ಕಾಲೇಜಿಗೆ ಹೋಗುವ ಮಕ್ಕಳು ಬಾಗಿಲಲ್ಲಿ ಜೋತು ಬಿದ್ದು ಹೋಗುತ್ತಾರೆ. ಅದು ತಪ್ಪಿದರೆ ಮುಂದಿನದು ಹನ್ನೊಂದಕ್ಕೆ. ಇನ್ನೊಂದು ಬಸ್ ಕೊಡಿ ಅಂತ ಡಿಪೋಗೆ ಎರಡು ಸಲ ಅರ್ಜಿ ಕೊಟ್ಟೆವು. ‘ಈ ರೂಟು ನಷ್ಟದಲ್ಲಿದೆ’ ಅಂದರು. ಕಾಲಿಡಲು ಜಾಗ ಇಲ್ಲದ ಬಸ್ಸು ನಷ್ಟ ಹೇಗಾಗುತ್ತೆ? ಶಕ್ತಿ ಯೋಜನೆಯಿಂದ ನಿಗಮಗಳು ಮುಳುಗುತ್ತಿವೆ ಅನ್ನುವುದು ನಿಜವಾ? ಬೇರೆ ದೇಶಗಳಲ್ಲಿ ಬಸ್ಸಿಗೆ ದುಡ್ಡು ಎಲ್ಲಿಂದ ಬರುತ್ತೆ? ನಮ್ಮಂಥವರು ಏನು ಮಾಡಬಹುದು?

ಉತ್ತರ: ಮೇಡಂ, ನಿಮ್ಮ ಡಿಪೋದವರು ಸುಳ್ಳು ಹೇಳಿಲ್ಲ. ನೀವು ದಿನಾ ಕಣ್ಣಾರೆ ನೋಡುವುದೂ ಸುಳ್ಳಲ್ಲ. ನನ್ನ ದುಡಿಮೆಯ ಹೆಚ್ಚಿನ ವರ್ಷಗಳು ಬಸ್ಸಿನ ಶೆಡ್ಯೂಲು ಹಾಕುವುದರಲ್ಲೇ ಕಳೆದಿವೆ. ಹಾಗಾಗಿ ಮೊದಲು ನಿಮ್ಮ ಎಂಟು ಗಂಟೆಯ ಬಸ್ಸಿನ ಲೆಕ್ಕವನ್ನೇ ಬಿಡಿಸಿ ಇಡುತ್ತೇನೆ.

ಸಾಮಾನ್ಯ ಬಸ್ಸೊಂದು ಲೀಟರ್ ಡೀಸೆಲ್‌ಗೆ ಹೆಚ್ಚು ಕಡಿಮೆ 5 ಕಿ.ಮೀ. ಓಡುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೆ ಕಿಲೋಮೀಟರಿಗೆ ಡೀಸೆಲ್ಲಿಗೇ 18 ರೂಪಾಯಿ ಆಯಿತು. ಸಿಬ್ಬಂದಿ ಖರ್ಚು ಇದಕ್ಕಿಂತ ಜಾಸ್ತಿ. 2025ರ ಜನವರಿಯಲ್ಲಿ ಟಿಕೆಟ್ ದರ ಏರಿಸುವಾಗ ಸರ್ಕಾರ ಒಂದು ಲೆಕ್ಕ ಕೊಟ್ಟಿತ್ತು: ರಾಜ್ಯದ ನಾಲ್ಕೂ ಸಾರಿಗೆ ನಿಗಮ ಸೇರಿ ದಿನಕ್ಕೆ ಡೀಸೆಲ್‌ಗೆ ಸುಮಾರು 13 ಕೋಟಿ, ಸಿಬ್ಬಂದಿಗೆ ಸುಮಾರು 18 ಕೋಟಿ. ಇದೇ ಪ್ರಮಾಣ ಹಿಡಿದರೆ ಕಿಲೋಮೀಟರಿಗೆ ಸಿಬ್ಬಂದಿ ಖರ್ಚು 25 ರೂಪಾಯಿ ಬರುತ್ತದೆ. ಟೈರು, ಬಿಡಿಭಾಗ, ತೆರಿಗೆ, ಬಸ್ಸಿನ ಸವಕಳಿ, ಸಾಲದ ಬಡ್ಡಿ ಎಲ್ಲ ಸೇರಿಸಿ 55 ರೂಪಾಯಿ ಎಂದಿಟ್ಟುಕೊಳ್ಳೋಣ. ಇದು ವಿಷಯ ತಿಳಿಯಲಿ ಅಂತ ನಾನು ಹಾಕಿದ ಅಂದಾಜು, ನಿಮ್ಮ ಡಿಪೋದ ಲೆಕ್ಕ ಅಲ್ಲ. ಡಿಪೋಗಳಲ್ಲಿ ಇದನ್ನು ‘ಸಿಪಿಕೆಎಂ’ ಅನ್ನುತ್ತಾರೆ, ಅಂದರೆ ಕಿಲೋಮೀಟರಿಗೆ ಆಗುವ ಖರ್ಚು. ಕಿಲೋಮೀಟರಿಗೆ ಬರುವ ಆದಾಯಕ್ಕೆ ‘ಇಪಿಕೆಎಂ’ ಅನ್ನುತ್ತಾರೆ. ಡಿಪೋ ಮ್ಯಾನೇಜರ್ ಪ್ರತಿ ರೂಟನ್ನೂ ಈ ಎರಡು ಸಂಖ್ಯೆಗಳಿಂದಲೇ ಅಳೆಯುತ್ತಾರೆ.

ಈಗ ನಿಮ್ಮ ಬಸ್ಸಿಗೆ ಬನ್ನಿ. ಹೋಗಿ ಬರಲು 36 ಕಿ.ಮೀ. ಖರ್ಚು 1,980 ರೂಪಾಯಿ. ಹೋಗುವಾಗ 80 ಜನ ಇದ್ದಾರೆ ಅನ್ನಿ. ಅದರಲ್ಲಿ 30 ಜನ ಪಾಸಿನ ಹುಡುಗರು. ಪಾಸಿನ ದುಡ್ಡನ್ನು ದಿನಕ್ಕೆ ಹಂಚಿದರೆ ಪೂರ್ತಿ ಟಿಕೆಟ್ಟಿನ ಒಂದು ಚೂರು ಮಾತ್ರ ಬರುತ್ತದೆ. ಉಳಿದ 50 ಜನಕ್ಕೆ ತಲಾ 25 ರೂಪಾಯಿ ಹಿಡಿದರೆ 1,250. ವಾಪಸ್ ಬರುವಾಗ ಊರ ಕಡೆಗೆ ಹತ್ತು ಜನ ಇರುತ್ತಾರೆ. ಬೆಳಗಿನ ಹೊತ್ತು ಪೇಟೆಯಿಂದ ಹಳ್ಳಿಗೆ ಯಾರು ಬರುತ್ತಾರೆ? ಅವರಿಂದ 250. ಒಟ್ಟು 1,500, ಮೇಲೆ ಪಾಸಿನ ಒಂದಿಷ್ಟು. ಬಾಗಿಲಲ್ಲಿ ಮಕ್ಕಳು ಜೋತು ಬಿದ್ದಿರುವಾಗಲೂ ಖರ್ಚು ಹುಟ್ಟಲಿಲ್ಲ.

ಇನ್ನೊಂದು ಬಸ್ ಬಿಟ್ಟರೆ? ಅದೇ 80 ಜನ ಎರಡು ಬಸ್ಸಿನಲ್ಲಿ ಹಂಚಿಹೋಗುತ್ತಾರೆ. ಆದಾಯ ಅಷ್ಟೇ, ಖರ್ಚು ಎರಡರಷ್ಟು. ಡಿಪೋ ಮ್ಯಾನೇಜರ್ ಕುರ್ಚಿಯಲ್ಲಿ ಕೂತು ನೋಡಿದರೆ ನಿಮ್ಮ ಅರ್ಜಿ ಹೀಗೆ ಕಾಣುತ್ತದೆ. ಅವರಿಗೆ ಮಕ್ಕಳ ಮೇಲೆ ಕರುಣೆ ಇಲ್ಲ ಅಂತಲ್ಲ. ತಿಂಗಳ ಕೊನೆಗೆ ಅವರನ್ನು ಕೇಳುವುದು ಇಪಿಕೆಎಂ ಎಷ್ಟಾಯಿತು ಅಂತ. ಬಾಗಿಲಲ್ಲಿ ಎಷ್ಟು ಮಕ್ಕಳು ನಿಂತಿದ್ದರು ಅಂತ ಯಾರೂ ಕೇಳುವುದಿಲ್ಲ.

ಇನ್ನೂ ಒಂದು ತೊಡಕಿದೆ, ಹೊರಗಿನವರಿಗೆ ಇದು ಕಾಣುವುದೇ ಇಲ್ಲ. ಬೆಳಗ್ಗೆ ಎಂಟರಿಂದ ಹತ್ತು ಗಂಟೆಯ ಒಳಗೆ ಎಲ್ಲಾ ಹಳ್ಳಿಗೂ ಬಸ್ ಬೇಕು. ಮತ್ತೆ ಸಂಜೆ ನಾಲ್ಕರಿಂದ ಆರರವರೆಗೆ ಬೇಕು. ನಡುವೆ ಅರ್ಧ ಬಸ್ಸುಗಳಿಗೆ ಸರಿಯಾದ ಕೆಲಸ ಇರುವುದಿಲ್ಲ. ಆದರೆ ಆ ಎರಡು ಗಂಟೆಗಾಗಿಯೇ ಒಂದು ಬಸ್ ಕೊಳ್ಳಬೇಕು, ಇಡೀ ದಿನದ ಪಾಳಿಗೆ ಡ್ರೈವರ್, ಕಂಡಕ್ಟರ್ ಇಡಬೇಕು. ಹಾಗಾಗಿ ಶಾಲೆ ಹೊತ್ತಿನ ಟ್ರಿಪ್ಪೇ ನಿಗಮಕ್ಕೆ ಅತಿ ದುಬಾರಿ ಟ್ರಿಪ್. ಊರಿಗೆ ಅತಿ ಮುಖ್ಯವಾದದ್ದೂ ಅದೇ.

ಅಂದರೆ ‘ನಷ್ಟ’ ಅನ್ನುವ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ. ನಿಮ್ಮ ಶಾಲೆ ವರ್ಷಕ್ಕೆ ಎಷ್ಟು ನಷ್ಟದಲ್ಲಿದೆ ಅಂತ ಯಾರಾದರೂ ಕೇಳಿದ್ದಾರಾ? ಶಾಲೆಗೆ ಆಗುವುದನ್ನು ನಾವು ಖರ್ಚು ಅನ್ನುತ್ತೇವೆ. ಬಸ್ಸಿಗೆ ಆಗುವುದನ್ನು ಮಾತ್ರ ನಷ್ಟ ಅನ್ನುತ್ತೇವೆ. ಆ ಮಗು ಶಾಲೆ ಮುಗಿಸಿ ಕಾಲೇಜು ಸೇರುವುದು ಬಸ್ಸಿದ್ದರೆ ತಾನೆ?

ಇದಕ್ಕೆ ಕಾನೂನಿನಲ್ಲೇ ಒಂದು ಬೇರು ಇದೆ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸಂಸ್ಥಾನದಲ್ಲಿ 120 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಶುರುವಾಯಿತು. ಆಗ ಅದು ಸರ್ಕಾರದ್ದೇ ಒಂದು ಇಲಾಖೆ. 1961ರಲ್ಲಿ ನಿಗಮ ಆಯಿತು. ನಿಗಮ ಆಗಿದ್ದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಅಡಿ. ಆ ಕಾಯ್ದೆಯ 22ನೇ ಸೆಕ್ಷನ್, ನಿಗಮ ವ್ಯವಹಾರದ ನಿಯಮದಂತೆ ನಡೆಯಬೇಕು ಅನ್ನುತ್ತದೆ. 34ನೇ ಸೆಕ್ಷನ್, ಸರ್ಕಾರ ನಿಗಮಕ್ಕೆ ನಿರ್ದೇಶನ ಕೊಡಬಹುದು ಅನ್ನುತ್ತದೆ. ಟಿಕೆಟ್ ದರ ಹೇಳುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರದ್ದು. ಅಂಗಡಿಯವನಿಗೆ ಲಾಭ ಮಾಡು ಅಂತ ಹೇಳಿ, ಸಾಮಾನಿನ ಬೆಲೆ ನಾನೇ ಹೇಳುತ್ತೇನೆ, ಯಾವ ಓಣಿಯಲ್ಲಿ ಅಂಗಡಿ ಇಡಬೇಕು ಅಂತಲೂ ನಾನೇ ಹೇಳುತ್ತೇನೆ ಅಂದ ಹಾಗೆ ಆಯಿತು. ಎಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದೇಶದ ಸರ್ಕಾರಿ ಬಸ್ ನಿಗಮಗಳು ಈ ಎರಡು ಹಗ್ಗಗಳ ನಡುವೆ ಎಳೆದಾಡಿಕೊಂಡು ಬಂದಿವೆ.

ದರದ ವಿಷಯದಲ್ಲೇ ನೋಡಿ. ಬಿಎಂಟಿಸಿಯಲ್ಲಿ 2015ರ ಜನವರಿಯ ನಂತರ ಹತ್ತು ವರ್ಷ ದರ ಮುಟ್ಟಲಿಲ್ಲ. ಉಳಿದ ಮೂರು ನಿಗಮಗಳಲ್ಲಿ 2020ರ ನಂತರ ಮುಟ್ಟಲಿಲ್ಲ. ಆಮೇಲೆ 2025ರ ಜನವರಿ 5ರಂದು ಒಂದೇ ಏಟಿಗೆ ಶೇ. 15 ಏರಿತು. ನಮ್ಮ ಮೆಟ್ರೋ ಕಥೆಯೂ ಹೀಗೆ. 2017ರಿಂದ ಸುಮ್ನೆ ಇದ್ದು, 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಜನ ಬೇಸರಪಟ್ಟರು, ಪ್ರಯಾಣಿಕರ ಸಂಖ್ಯೆ ಕುಸಿಯಿತು, ಆಮೇಲೆ ಕೆಲವು ಕಡೆ ದರ ತಗ್ಗಿಸಬೇಕಾಯಿತು. ವರ್ಷಕ್ಕೊಂದು ರೂಪಾಯಿ, ಎರಡು ರೂಪಾಯಿ ಏರಿದ್ದರೆ ಯಾರಿಗೂ ಹೊರೆ ಅನ್ನಿಸುತ್ತಿರಲಿಲ್ಲ. ದರ ಏರಿಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಹತ್ತು ವರ್ಷ ಮರೆತು ಒಂದೇ ದಿನ ಏರಿಸುವುದು ತಪ್ಪು.

ಡೀಸೆಲ್‌ನದು ಇನ್ನೊಂದು ಸಂಕಟ. ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ. 18.4ಕ್ಕೆ, 2025ರ ಏಪ್ರಿಲ್‌ನಲ್ಲಿ ಶೇ. 21.17ಕ್ಕೆ ಏರಿತು. ಇದರ ಮೇಲೆ ಕೇಂದ್ರದ ಸುಂಕ ಬೇರೆ. ಈ ತೆರಿಗೆಯನ್ನು ಒಬ್ಬರೇ ಕೂತು ಹೋಗುವ ಕಾರೂ ಕಟ್ಟುತ್ತದೆ, 80 ಜನರನ್ನು ಹೊತ್ತ ನಿಮ್ಮೂರಿನ ಬಸ್ಸೂ ಕಟ್ಟುತ್ತದೆ. ಒಂದು ಕೈಯಲ್ಲಿ ನಿಗಮಕ್ಕೆ ಅನುದಾನ ಕೊಟ್ಟು, ಇನ್ನೊಂದು ಕೈಯಲ್ಲಿ ಅದೇ ಬಸ್ಸಿನ ಟ್ಯಾಂಕಿನಿಂದ ತೆರಿಗೆ ತೆಗೆದುಕೊಂಡ ಹಾಗಾಯಿತು. 2022ರ ಮಾರ್ಚ್‌ನಲ್ಲಿ ಸಗಟು ಖರೀದಿಯ ಡೀಸೆಲ್ ಬೆಲೆ ಲೀಟರಿಗೆ ಸುಮಾರು 25 ರೂಪಾಯಿ ಏರಿಬಿಟ್ಟಿತ್ತು. ಆಗ ಸರ್ಕಾರಿ ಬಸ್ಸುಗಳು ಡಿಪೋ ಬಿಟ್ಟು ರಸ್ತೆ ಬದಿಯ ಬಂಕಿನ ಮುಂದೆ ಸಾಲು ನಿಂತಿದ್ದವು. ಜನರನ್ನು ಹೊರುವ ಬಸ್ಸಿಗೆ ಅಂಗಡಿ ಬೆಲೆಗಿಂತ ಹೆಚ್ಚಿನ ಬೆಲೆ ಹಾಕಿದ ದಿನಗಳವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ಶಕ್ತಿ ಯೋಜನೆ. ಇದರ ಬಗ್ಗೆ ಜನ ಏನೇನೋ ಹೇಳುತ್ತಾರೆ. ಲೆಕ್ಕ ನೋಡೋಣ.

2023ರ ಜೂನ್ 11ರಂದು ಶುರುವಾಯಿತು. ಅದಕ್ಕೆ ಮುಂಚೆ ನಾಲ್ಕು ನಿಗಮಗಳ ಬಸ್ಸುಗಳಲ್ಲಿ ದಿನಕ್ಕೆ ಸುಮಾರು 85 ಲಕ್ಷ ಜನ ಓಡಾಡುತ್ತಿದ್ದರು. ಆಮೇಲೆ ಒಂದು ಕೋಟಿ ದಾಟಿತು. 2025ರ ಜುಲೈ ಹೊತ್ತಿಗೆ ಮಹಿಳೆಯರಿಗೆ ಕೊಟ್ಟ ಶೂನ್ಯ ಟಿಕೆಟ್‌ಗಳ ಸಂಖ್ಯೆ 500 ಕೋಟಿ ಮುಟ್ಟಿತು. ಜಗತ್ತಿನ ಯಾವುದೇ ಸಾರಿಗೆ ಸಂಸ್ಥೆಯವರನ್ನು ಕೇಳಿ, ಇಷ್ಟು ಕಡಿಮೆ ಸಮಯದಲ್ಲಿ ಇಷ್ಟು ಜನರನ್ನು ಬಸ್ಸಿಗೆ ತರುವುದು ಸಣ್ಣ ಮಾತಲ್ಲ. ಕೂಲಿಗೆ ಪಕ್ಕದೂರಿಗೆ ಹೋಗುವವರು, ಜಿಲ್ಲಾಸ್ಪತ್ರೆಗೆ ಹೋಗುವವರು, ತವರಿಗೆ ಹೋಗಲು ಗಂಡನ ಹತ್ತಿರ ದುಡ್ಡು ಕೇಳಬೇಕಾಗಿದ್ದವರು ಇವರೆಲ್ಲ. ಇದನ್ನು ನಾನು ಹೃದಯದಿಂದ ಮೆಚ್ಚುತ್ತೇನೆ.

ಪ್ರತಿ ಶೂನ್ಯ ಟಿಕೆಟ್ಟಿನ ಬೆಲೆಯನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. 2025–26ರ ಬಜೆಟ್‌ನಲ್ಲಿ ಇದಕ್ಕೆ 5,300 ಕೋಟಿ ಇಟ್ಟರು. ದಿನಕ್ಕೆ ಭಾಗಿಸಿದರೆ 14 ಕೋಟಿಯ ಮೇಲೆ. ನಾಲ್ಕೂ ನಿಗಮಗಳ ದಿನದ ಡೀಸೆಲ್ ಬಿಲ್ಲಿಗಿಂತ ಇದು ಜಾಸ್ತಿ. ಹಾಗಾದರೆ ಶಕ್ತಿಯಿಂದ ನಿಗಮ ಮುಳುಗುತ್ತದೆ ಅನ್ನುವುದು ಹೇಗೆ? ಹಣ ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಬಂದರೆ ಅದು ನಿಗಮಕ್ಕೆ ಭದ್ರವಾದ ಆದಾಯ. ತಡವಾದರೆ ಮಾತ್ರ ಹೊರೆ. ಬಾಕಿ ಉಳಿಯುತ್ತಾ ಹೋದರೆ ನಿಗಮ ಮೊದಲು ಕೈ ಹಾಕುವುದು ಸಿಬ್ಬಂದಿಯ ಪಿಎಫ್‌ಗೆ, ಆಮೇಲೆ ಡೀಸೆಲ್ ಬಾಕಿಗೆ, ಆಮೇಲೆ ಬಿಡಿಭಾಗಕ್ಕೆ. ಈ ಬಾಕಿಗಳನ್ನು ತೀರಿಸಲು 2,000 ಕೋಟಿ ಸಾಲ ಎತ್ತುವುದಕ್ಕೆ ಸರ್ಕಾರ ಒಪ್ಪಿಗೆ ಕೊಡಬೇಕಾಗಿ ಬಂತು. 2025ರ ಆಗಸ್ಟ್ 5ರಂದು ಸಿಬ್ಬಂದಿ ಮುಷ್ಕರ ಹೂಡಿದರು. ಅವರ ಬೇಡಿಕೆಗಳಲ್ಲಿ 38 ತಿಂಗಳ ವೇತನ ಹಿಂಬಾಕಿಯೂ ಒಂದು.

ಆದರೆ ಶಕ್ತಿ ಯೋಜನೆಯ ಒಳಗೆ ಒಂದು ಕೊರತೆ ಇದೆ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇರುವುದು ಇಲ್ಲೇ. ಸರ್ಕಾರ ದುಡ್ಡು ಕೊಡುವುದು ಟಿಕೆಟ್ಟಿಗೆ. ಬಸ್ ಓಡಿದ ಕಿಲೋಮೀಟರಿಗೆ ಯಾರೂ ದುಡ್ಡು ಕೊಡುವುದಿಲ್ಲ. 80 ಜನರನ್ನು ಒಂದೇ ಬಸ್ಸಿನಲ್ಲಿ ತುರುಕಿದರೂ ಅಷ್ಟೇ ಹಣ, ಎರಡು ಬಸ್ಸಿನಲ್ಲಿ ಕೂರಿಸಿ ಕರೆದುಕೊಂಡು ಹೋದರೂ ಅಷ್ಟೇ ಹಣ. ಹಾಗಿದ್ದಾಗ ಎರಡನೇ ಬಸ್ ಯಾಕೆ ಬರುತ್ತದೆ? ಜನ ಬಂದರು, ಅವರ ಹಿಂದೆ ಅಷ್ಟೇ ಬಸ್ಸು ಬರಲಿಲ್ಲ. ನಮ್ಮ ಬೇಡಿಕೆ ಒಂದೇ ಮಾತಿನಲ್ಲಿ ಹೇಳಬೇಕಾದರೆ ಇದು: ಟಿಕೆಟ್ಟಿಗೆ ಕೊಡುವ ಹಣದ ಜೊತೆಗೆ, ಊರಿಗೆ ಬೇಕಾದ ಆದರೆ ಆದಾಯ ಸಾಲದ ಟ್ರಿಪ್ಪುಗಳಿಗೆ ಕಿಲೋಮೀಟರ್ ಲೆಕ್ಕದಲ್ಲಿ ಹಣ ಕೊಡಿ, ಅದನ್ನು ಕಾನೂನಿನಲ್ಲಿ ಬರೆಯಿರಿ.

ಇದು ನನ್ನ ತಲೆಯಿಂದ ಬಂದ ಹೊಸ ವಿಚಾರ ಅಲ್ಲ. ಯುರೋಪಿನಲ್ಲಿ 2007ರ ಒಂದು ನಿಯಮವೇ ಇದೆ. ಸರ್ಕಾರ ಒಂದು ರೂಟನ್ನು ಜನಸೇವೆಗಾಗಿ ಓಡಿಸಿ ಅಂದರೆ, ಎಷ್ಟು ಓಡಿಸಬೇಕು, ಅದಕ್ಕೆ ಎಷ್ಟು ಕೊಡುತ್ತೇವೆ ಅನ್ನುವುದನ್ನು ಒಪ್ಪಂದದಲ್ಲಿ ಬರೆಯಬೇಕು. ಬಾಯಿಮಾತಿನ ನಿರ್ದೇಶನ ನಡೆಯುವುದಿಲ್ಲ. ನಮ್ಮಲ್ಲೂ ಬೆಂಗಳೂರಿನಲ್ಲಿ ಗುತ್ತಿಗೆಯ ಎಲೆಕ್ಟ್ರಿಕ್ ಬಸ್ಸುಗಳಿಗೆ ಬಿಎಂಟಿಸಿ ಹಣ ಕೊಡುವುದು ಕಿಲೋಮೀಟರ್ ಲೆಕ್ಕದಲ್ಲೇ. ಬಸ್ಸಿನಲ್ಲಿ ಹತ್ತು ಜನ ಇದ್ದರೂ, ಅರವತ್ತು ಜನ ಇದ್ದರೂ ಕಂಪನಿಗೆ ಅಷ್ಟೇ ಸಿಗುತ್ತದೆ. ಖಾಸಗಿ ಕಂಪನಿಗೆ ಒಪ್ಪುವ ಲೆಕ್ಕ ನಮ್ಮ ಸ್ವಂತ ನಿಗಮಕ್ಕೆ ಯಾಕೆ ಒಪ್ಪಬಾರದು?

ಬೇರೆ ದೇಶಗಳಲ್ಲಿ ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳಿದ್ದೀರಿ. ಒಂದು ದಿನಾಂಕದಿಂದ ಶುರು ಮಾಡುತ್ತೇನೆ. 2025ರ ಜನವರಿ 5. ಅವತ್ತು ನಮ್ಮಲ್ಲಿ ಬಸ್ ಪ್ರಯಾಣಿಕರಿಗೆ ಶೇ. 15 ದರ ಏರಿತು. ಅದೇ ದಿನ ನ್ಯೂಯಾರ್ಕಿನಲ್ಲಿ ಮ್ಯಾನ್‌ಹಟನ್ನಿನ ದಕ್ಷಿಣ ಭಾಗಕ್ಕೆ ಬರುವ ಕಾರುಗಳ ಮೇಲೆ ಹಗಲಿನ ಹೊತ್ತು 9 ಡಾಲರ್ ಶುಲ್ಕ ಶುರುವಾಯಿತು. ಆ ದುಡ್ಡು ಹೋಗುವುದು ಊರಿನ ಸಬ್‌ವೇ, ಬಸ್ಸು, ರೈಲಿನ ದುರಸ್ತಿಗೆ. ಈ ವರಮಾನವನ್ನು ನೆಚ್ಚಿ 15 ಶತಕೋಟಿ ಡಾಲರಿನ ಕೆಲಸಕ್ಕೆ ಹಣ ಎತ್ತುವ ಲೆಕ್ಕ ಅವರದು. 2019ರಲ್ಲೇ ಕಾನೂನು ಆಗಿತ್ತು. ನಡುವೆ 2024ರ ಜೂನ್‌ನಲ್ಲಿ ಗವರ್ನರ್ ಅದನ್ನು ತಡೆಹಿಡಿದರು. ಪ್ರಯಾಣಿಕರ ಸಂಘಗಳು ಬಿಡಲಿಲ್ಲ. ಬೀದಿಗೂ ಇಳಿದರು, ಕೋರ್ಟಿಗೂ ಹೋದರು. ಕೊನೆಗೆ ದರ 15ರಿಂದ 9ಕ್ಕೆ ಇಳಿದು ಜಾರಿಗೆ ಬಂತು. ಎರಡೂ ಊರುಗಳಲ್ಲಿ ಸಾರಿಗೆಗೆ ಹಣ ಬೇಕಾಗಿತ್ತು. ಯಾರ ಕೈಯಿಂದ ತೆಗೆದುಕೊಳ್ಳುವುದು ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಲಂಡನ್ನಿನಲ್ಲಿ ಇಂಥ ಶುಲ್ಕ 2003ರಿಂದಲೇ ಇದೆ.

ಫ್ರಾನ್ಸಿನಲ್ಲಿ ಬೇರೆ ದಾರಿ ಹಿಡಿದರು. 1971ರಲ್ಲಿ ಪ್ಯಾರಿಸ್ ಪ್ರದೇಶದಲ್ಲಿ ಶುರು ಮಾಡಿದ ತೆರಿಗೆಯೊಂದು ಇದೆ. ಇವತ್ತು 11 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಸಂಬಳದ ಮೊತ್ತದ ಒಂದಿಷ್ಟು ಪಾಲನ್ನು ಊರಿನ ಸಾರಿಗೆಗೆ ಕಟ್ಟುತ್ತವೆ. ಕೆಲಸಗಾರರು ಹೊತ್ತಿಗೆ ಸರಿಯಾಗಿ ಬರುವುದರಿಂದ ಲಾಭ ಆಗುವುದು ಮಾಲೀಕರಿಗೂ ಹೌದಲ್ವಾ ಅನ್ನುವ ತರ್ಕ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಗಳ ಸಾಲು ನೋಡುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಆದರೆ ನಿಮ್ಮ ಊರಿನ ಪ್ರಶ್ನೆಗೆ ತುಂಬಾ ಹತ್ತಿರ ಬರುವುದು ಅಮೆರಿಕದ ಸಿಯಾಟಲ್. ನಮ್ಮ ಕನ್ನಡದ ಹುಡುಗರು ಹುಡುಗಿಯರು ಬಹಳ ಮಂದಿ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ನೆಲೆಸಿರುವ ಊರು ಅದು. ಅಲ್ಲಿನ ಬಸ್ಸುಗಳನ್ನು ಕಿಂಗ್ ಕೌಂಟಿ ಓಡಿಸುತ್ತದೆ. ಕೌಂಟಿ ಅಂದರೆ ನಮ್ಮ ಜಿಲ್ಲೆಯಂತೆ. 2014ರ ಏಪ್ರಿಲ್‌ನಲ್ಲಿ ಬಸ್ಸಿಗಾಗಿ ತೆರಿಗೆ ಹಾಕಬೇಕಾ ಅಂತ ಇಡೀ ಕೌಂಟಿಯ ಜನರನ್ನು ಮತಕ್ಕೆ ಕೇಳಿದರು. ಜನ ಬೇಡ ಅಂದರು. ಬಸ್ ಟ್ರಿಪ್ಪುಗಳಿಗೆ ಕತ್ತರಿ ಬೀಳುವುದು ಖಚಿತವಾಯಿತು. ಆಗ ಸಿಯಾಟಲ್ ನಗರದವರು ನಮ್ಮ ಊರಿನ ಮಟ್ಟಿಗೆ ನಾವೇ ಕೊಡುತ್ತೇವೆ ಅಂತ ಅದೇ ನವೆಂಬರ್‌ನಲ್ಲಿ ಇನ್ನೊಮ್ಮೆ ಮತ ಹಾಕಿದರು. ವಾಹನಕ್ಕೆ ವರ್ಷಕ್ಕೆ 60 ಡಾಲರ್, ಜೊತೆಗೆ ಮಾರಾಟ ತೆರಿಗೆಯಲ್ಲಿ ಶೇ. 0.1. ಈ ಸಲ ಒಪ್ಪಿಗೆ ಸಿಕ್ಕಿತು.

ಆ ದುಡ್ಡಿನಲ್ಲಿ ನಗರದವರು ಕೌಂಟಿಯಿಂದ ಕೊಂಡಿದ್ದು ‘ಬಸ್ಸಿನ ಗಂಟೆ’ಗಳನ್ನು. ಅಂದರೆ ಈ ರೂಟಿನಲ್ಲಿ ಇಷ್ಟು ಗಂಟೆ ಜಾಸ್ತಿ ಓಡಿಸಿ, ಅದಕ್ಕೆ ಹಣ ತಗೊಳ್ಳಿ ಅನ್ನುವ ವ್ಯವಹಾರ. ಅರ್ಧ ಗಂಟೆಗೆ ಒಂದು ಬರುತ್ತಿದ್ದ ಬಸ್ಸು ಹದಿನೈದು ನಿಮಿಷಕ್ಕೆ, ಹತ್ತು ನಿಮಿಷಕ್ಕೆ ಬರತೊಡಗಿತು. ಮುಂದಿನ ವರ್ಷಗಳಲ್ಲಿ ಅಮೆರಿಕದ ಹೆಚ್ಚಿನ ನಗರಗಳಲ್ಲಿ ಬಸ್ ಪ್ರಯಾಣಿಕರು ಕಡಿಮೆ ಆಗುತ್ತಿದ್ದಾಗ ಸಿಯಾಟಲ್ಲಿನಲ್ಲಿ ಏರಿದರು. 2020ರಲ್ಲಿ ಕೋವಿಡ್ ನಡುವೆಯೂ ಅಲ್ಲಿನ ಜನ ಈ ತೆರಿಗೆಯ ಮಾರಾಟ ತೆರಿಗೆ ಭಾಗವನ್ನು ಮತ್ತೆ ಒಪ್ಪಿದರು. ಮೊದಲ ಸಲ ಕೊಟ್ಟ ದುಡ್ಡಿಗೆ ಏನು ಬಂತು ಅಂತ ಅವರು ಸ್ಟಾಪಿನಲ್ಲಿ ನಿಂತು ನೋಡಿದ್ದರು.

ಪ್ರಯಾಣಿಕರು ಹೇಗೆ ಹೆಚ್ಚುತ್ತಾರೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ದರ ಇಳಿಸಿದರೆ ಜನ ಬರುತ್ತಾರೆ, ಶಕ್ತಿ ಅದನ್ನು ತೋರಿಸಿದೆ. ಆದರೆ ಬಂದವರು ಉಳಿಯಬೇಕಾದರೆ, ಬೈಕು ಇರುವವರೂ ಬರಬೇಕಾದರೆ, ಬಸ್ಸು ಪದೇ ಪದೇ ಬರಬೇಕು, ಹೇಳಿದ ಹೊತ್ತಿಗೆ ಬರಬೇಕು. ನಿಮ್ಮ ಊರಿನಲ್ಲೇ ನೋಡಿ. ಎಂಟರ ಬಸ್ ತಪ್ಪಿದರೆ ಹನ್ನೊಂದರವರೆಗೆ ಕಾಯಬೇಕು ಅನ್ನುವ ಹೆದರಿಕೆಗೇ ಸಾಲ ಮಾಡಿ ಬೈಕು ಕೊಂಡ ಮನೆಗಳು ಎಷ್ಟಿರಬಹುದು? ನಾನು ಮೇಲೆ ಹಾಕಿದ ಲೆಕ್ಕದಲ್ಲಿ 80 ಜನ 80 ಜನವಾಗಿಯೇ ಉಳಿದರು. ನಿಜದಲ್ಲಿ ಎಂಟಕ್ಕೊಂದು, ಎಂಟೂ ಮುಕ್ಕಾಲಿಗೊಂದು ಬಸ್ ಖಾತ್ರಿಯಾಗಿ ಬಂದರೆ 80 ಇದ್ದದ್ದು 110 ಆಗುತ್ತದೆ. ಆದರೆ ಅದು ಮೊದಲ ವಾರದಲ್ಲೇ ಆಗುವುದಿಲ್ಲ. ಜನ ನಂಬಬೇಕು. ಆ ನಂಬಿಕೆ ಬರುವವರೆಗಿನ ಆರು ತಿಂಗಳ ಕೊರತೆಯನ್ನು ಯಾರಾದರೂ ತುಂಬಬೇಕು. ಹೊಸ ಟ್ರಿಪ್ಪುಗಳು ಸಾಯುವುದು ಇಲ್ಲೇ. ಒಂದು ತಿಂಗಳು ಓಡಿಸಿ, ಕಲೆಕ್ಷನ್ ಇಲ್ಲ ಅಂತ ನಿಲ್ಲಿಸಿಬಿಡುತ್ತಾರೆ.

ಹಣ ಕೇಳುವ ಒತ್ತಾಯದ ಬಗ್ಗೆ ಒಂದು ಹಳೆಯ ಕಥೆ ಹೇಳುತ್ತೇನೆ. ಅಮೆರಿಕದಲ್ಲಿ ಸಾರಿಗೆ ಸಂಸ್ಥೆಗಳೆಲ್ಲ ಸೇರಿ ಕಟ್ಟಿಕೊಂಡ ಸಂಘದ ಬೇರು 1882ರದು, ಟ್ರಾಮನ್ನು ಕುದುರೆಗಳು ಎಳೆಯುತ್ತಿದ್ದ ಕಾಲ. ನೂರು ವರ್ಷದ ನಂತರ, 1982ರ ಕಾನೂನಿನಲ್ಲಿ ಅಲ್ಲಿ ಪೆಟ್ರೋಲ್ ಮೇಲಿನ ತೆರಿಗೆಯನ್ನು ಗ್ಯಾಲನ್ನಿಗೆ 5 ಸೆಂಟ್ ಏರಿಸಿದರು. ಅದುವರೆಗೆ ಆ ತೆರಿಗೆ ಹೆದ್ದಾರಿಗೇ ಮೀಸಲಾಗಿತ್ತು. ಸಾರಿಗೆಯವರು ಹೆದ್ದಾರಿಯವರ ಜೊತೆ ಜಗಳಕ್ಕೆ ನಿಲ್ಲಲಿಲ್ಲ, ಕೈಜೋಡಿಸಿದರು. 5 ಸೆಂಟಿನಲ್ಲಿ 1 ಸೆಂಟ್ ಬಸ್ಸು ರೈಲಿಗೆ ಬಂತು. ಇವತ್ತಿಗೂ ಅಲ್ಲಿ ಕೇಂದ್ರದಿಂದ ಸಾರಿಗೆಗೆ ಬರುವ ಹಣದ ಅಡಿಪಾಯ ಅದೇ. ಅವರು ಎಡವಿದ ಜಾಗವೂ ಒಂದಿದೆ. ತೆರಿಗೆಯನ್ನು ಶೇಕಡಾವಾರು ಇಡದೆ ಸೆಂಟ್ ಲೆಕ್ಕದಲ್ಲಿ ಇಟ್ಟರು. 1993ರ ನಂತರ ಅದು 18.4 ಸೆಂಟಿನಲ್ಲೇ ನಿಂತಿದೆ. ಬೆಲೆ ಏರಿದ ಹಾಗೆ ಅದರ ಶಕ್ತಿ ಕರಗುತ್ತಾ ಬಂತು. ನಾವು ಕೇಳುವಾಗ ಇದನ್ನು ನೆನಪಿಡಬೇಕು. ‘ಇಷ್ಟು ಕೋಟಿ ಕೊಡಿ’ ಅನ್ನಬಾರದು. ಮೋಟಾರು ವಾಹನ ತೆರಿಗೆಯಲ್ಲಿ ಇಷ್ಟು ಪಾಲು ಬಸ್ಸಿಗೆ ಅಂತ ಕೇಳಬೇಕು. ಬೆಂಗಳೂರಿನಲ್ಲೇ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ವಾಹನ ಹೆಚ್ಚಿದ ಹಾಗೆ ಬಸ್ಸಿನ ಪಾಲೂ ತಾನಾಗಿ ಹೆಚ್ಚುತ್ತದೆ.

ನಮ್ಮ ದೇಶದಲ್ಲೂ ರಾಜ್ಯ ಸಾರಿಗೆ ನಿಗಮಗಳ ಒಕ್ಕೂಟ 1965ರಿಂದ ದೆಹಲಿಯಲ್ಲಿದೆ. ಬಿಡಿಭಾಗಗಳಿಗೆ ಒಟ್ಟಾಗಿ ದರ ನಿಗದಿ ಮಾಡಿಸುವ ಕೆಲಸ ಅದರದು. ನಿಗಮಗಳ ಪರವಾಗಿ ಮಾತನಾಡುತ್ತದೆ. ಸಿಬ್ಬಂದಿಗೆ ಯೂನಿಯನ್‌ಗಳಿವೆ. ಪ್ರಯಾಣಿಕರ ಪರ ಮಾತನಾಡುವವರೇ ಕಡಿಮೆ. ಬೆಂಗಳೂರಿನಲ್ಲಿ ಬಸ್ ಪ್ರಯಾಣಿಕರ ವೇದಿಕೆ ಇದೆ. 2016ರಲ್ಲಿ ಸ್ಟೀಲ್ ಫ್ಲೈಓವರ್ ಬೇಡ ಅಂತ ಜನ ಕೈ ಕೈ ಹಿಡಿದು ರಸ್ತೆಯಲ್ಲಿ ಸರಪಳಿ ಕಟ್ಟಿ ನಿಂತರು, ಮುಂದಿನ ಮಾರ್ಚ್‌ನಲ್ಲಿ ಆ ಯೋಜನೆ ರದ್ದಾಯಿತು. ಅದೇ ಹುಮ್ಮಸ್ಸಿನಲ್ಲಿ ‘ಚುಕುಬುಕು ಬೇಕು’ ಅಂತ ಉಪನಗರ ರೈಲಿಗೆ ಒತ್ತಾಯ ಎದ್ದಿತು. 148 ಕಿ.ಮೀ.ನ, 15,767 ಕೋಟಿಯ ಯೋಜನೆಗೆ 2020ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು, 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ಒಪ್ಪಿಗೆ ಸಿಕ್ಕ ಮೇಲೆ ಬೀದಿಯ ದನಿ ತಣ್ಣಗಾಯಿತು, ಕೆಲಸವೂ ನಿಧಾನವಾಯಿತು. ಕಾಮಗಾರಿ ಮುಗಿಯುವವರೆಗೆ ಕೇಳುತ್ತಲೇ ಇರುವುದು ನಮಗೆ ಇನ್ನೂ ಅಭ್ಯಾಸ ಆಗಿಲ್ಲ. ಇನ್ನು ಹಳ್ಳಿಗಳ ಬಸ್ಸಿನ ಪರವಾಗಿ ಒಂದು ಗಟ್ಟಿ ದನಿ ರಾಜ್ಯದಲ್ಲಿ ಎಲ್ಲಿದೆ? ನಿಮ್ಮ ಪತ್ರ ಓದಿ ನನಗೆ ಸಂತೋಷ ಆಗಿದ್ದು ಇದಕ್ಕೇ.

ಈಗ ನೀವು ಮಾಡಬಹುದಾದ್ದು. ನಿಮ್ಮ ಎರಡು ಅರ್ಜಿಗಳಲ್ಲೂ ‘ತುಂಬಾ ತೊಂದರೆ ಆಗಿದೆ’ ಅಂತ ಬರೆದಿದ್ದಿರಿ ಅನ್ನಿಸುತ್ತದೆ. ತೊಂದರೆಯನ್ನು ಡಿಪೋದವರು ಅಳೆಯಲಾರರು. ಸಂಖ್ಯೆ ಕೊಡಿ. ಒಂದು ವಾರ, ಸೋಮವಾರದಿಂದ ಶನಿವಾರದವರೆಗೆ, ನಿಮ್ಮ ಹತ್ತನೇ ಕ್ಲಾಸಿನ ಮಕ್ಕಳನ್ನೇ ಸ್ಟಾಪಿನಲ್ಲಿ ನಿಲ್ಲಿಸಿ. ಎಂಟರ ಬಸ್ಸಿಗೆ ಹತ್ತಿದವರು ಎಷ್ಟು, ಹತ್ತಲಾಗದೆ ಉಳಿದವರು ಎಷ್ಟು, ಎಂಟರಿಂದ ಒಂಬತ್ತೂವರೆ ಒಳಗೆ ಆಟೋ, ಟೆಂಪೋ, ಬೈಕಿನಲ್ಲಿ ಪೇಟೆಗೆ ಹೋದವರು ಎಷ್ಟು, ಬಸ್ಸು ಬಂದ ನಿಜವಾದ ಸಮಯ ಎಷ್ಟು. ಈ ನಾಲ್ಕೇ ಅಂಕಣ ಸಾಕು. ಹತ್ತಲಾಗದೆ ಉಳಿದವರ ಲೆಕ್ಕ ನಿಗಮದ ಯಾವ ಕಂಪ್ಯೂಟರಿನಲ್ಲೂ ಇರುವುದಿಲ್ಲ. ಟಿಕೆಟ್ ಮಷಿನ್‌ಗೆ ಗೊತ್ತಿರುವುದು ಹತ್ತಿದವರು ಮಾತ್ರ. ಇಡೀ ಅರ್ಜಿಯಲ್ಲಿ ತೂಕ ಇರುವುದು ಆ ಅಂಕಣಕ್ಕೇ.

ಹೆಂಗಸರು ಎಲ್ಲರೂ ಶೂನ್ಯ ಟಿಕೆಟ್ ಕೇಳಿ ಪಡೆಯಲಿ, ಇಳಿಯುವ ಊರಿನವರೆಗೇ ಪಡೆಯಲಿ. ರಶ್ಶಿನಲ್ಲಿ ಕಂಡಕ್ಟರ್ ಹತ್ತಿರ ಬರಲಾಗದೆ ಕೆಲವರು ಹಾಗೇ ಇಳಿದುಬಿಡುತ್ತಾರೆ. ಉಚಿತ ತಾನೆ ಅನ್ನಿಸುತ್ತದೆ. ಆದರೆ ಟಿಕೆಟ್ ಹರಿಯದಿದ್ದರೆ ಸರ್ಕಾರದಿಂದ ಆ ಹಣ ಬರುವುದಿಲ್ಲ, ನಿಮ್ಮ ರೂಟಿನ ಇಪಿಕೆಎಂ ಇಳಿಯುತ್ತದೆ.

ಮೂರನೆಯದು, ಹೊಸ ಬಸ್ಸು ಕೇಳುವ ಮುಂಚೆ ಸಮಯ ಕೇಳಿ. ಪೇಟೆಯ ಕಾಲೇಜುಗಳ ಪ್ರಿನ್ಸಿಪಾಲರ ಹತ್ತಿರ ಮಾತಾಡಿ. ಒಂದು ಕಾಲೇಜು ಒಂಬತ್ತೂವರೆಗೆ, ಇನ್ನೊಂದು ಹತ್ತೂಕಾಲಿಗೆ ಶುರುವಾಗುವಂತಿದ್ದರೆ, ಅದೇ ಬಸ್ಸು ಎಂಟರ ಟ್ರಿಪ್ ಮುಗಿಸಿ ಇನ್ನೊಮ್ಮೆ ಬಂದು ಹೋಗಬಹುದು. ಆಗ ಬಸ್ಸೂ ಅದೇ, ಸಿಬ್ಬಂದಿಯೂ ಅವರೇ, ಹೆಚ್ಚಾಗುವುದು 36 ಕಿಲೋಮೀಟರಿನ ಡೀಸೆಲ್, ಟೈರಿನ ಖರ್ಚು ಮಾತ್ರ. ನನ್ನ ಅಂದಾಜಿನಲ್ಲಿ ಡೀಸೆಲ್ಲಿಗೆ ಸುಮಾರು 650 ರೂಪಾಯಿ. 1,980 ಎಲ್ಲಿ, 650 ಎಲ್ಲಿ! ಡಿಪೋ ಮ್ಯಾನೇಜರ್‌ಗೆ ಇಲ್ಲ ಅನ್ನುವುದು ಕಷ್ಟ ಆಗುವುದು ಇಂಥ ಅರ್ಜಿಗೆ.

ನಿಮ್ಮ ರೂಟಿನಲ್ಲಿ ಕಳೆದ ಆರು ತಿಂಗಳಲ್ಲಿ ಎಷ್ಟು ಟ್ರಿಪ್ ರದ್ದಾಗಿವೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಕಾಗದದ ಮೇಲೆ ಎರಡನೇ ಬಸ್ಸು ಆಗಲೇ ಇದ್ದು, ಸಿಬ್ಬಂದಿ ಇಲ್ಲದೆ ದಿನಾ ರದ್ದಾಗುತ್ತಿರುವುದೂ ಉಂಟು. ಆಮೇಲೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ನಿಮ್ಮ ಊರೊಂದೇ ಬೇಡ, ಆ ದಾರಿಯ ಎಲ್ಲಾ ಪಂಚಾಯಿತಿಗಳೂ ಸೇರಲಿ. ಠರಾವು, ಎಣಿಕೆ ಹಾಳೆ, ಕಾಲೇಜಿನ ಪತ್ರ ಮೂರನ್ನೂ ಸೇರಿಸಿ ಡಿಪೋ ಮ್ಯಾನೇಜರ್‌ಗೆ ಒಂದು ಪ್ರತಿ, ವಿಭಾಗೀಯ ನಿಯಂತ್ರಣಾಧಿಕಾರಿಗೆ ಒಂದು ಪ್ರತಿ, ತಾಲೂಕಿನ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಗೆ ಮುಂಚೆ ಶಾಸಕರ ಕೈಗೆ ಒಂದು ಪ್ರತಿ. ಶಾಸಕರ ಹತ್ತಿರ ಇನ್ನೊಂದು ಮಾತೂ ಕೇಳಿ. ಹೊಸ ಬಸ್ಸಿಗೆ ಹಸಿರು ನಿಶಾನೆ ತೋರಿಸುವ ಫೋಟೋ ನಮಗೆ ಬೇಡ, ನಮ್ಮ ತಾಲೂಕಿನಲ್ಲಿ ದಿನಕ್ಕೆ ಬಸ್ಸುಗಳು ಓಡುವ ಕಿಲೋಮೀಟರ್ ಹೋದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟಾಗಿದೆ ಹೇಳಿ ಅಂತ. ಹೊಸ ಬಸ್ಸು ಬಂದು ಹಳೆಯದು ಗುಜರಿಗೆ ಹೋದರೆ ಕಿಲೋಮೀಟರ್ ಒಂದೂ ಹೆಚ್ಚುವುದಿಲ್ಲ.

ಶಾಲೆ ಕಾಲೇಜು ತೆರೆಯುವ ಹೊತ್ತಿಗೆ ಡಿಪೋಗಳಲ್ಲಿ ಟೈಮಿಂಗ್ ಅದಲುಬದಲು ಮಾಡುತ್ತಾರೆ. ಹಾಗಾಗಿ ಎಣಿಕೆಯನ್ನು ಪರೀಕ್ಷೆಗೆ ಮುಂಚೆ ಮುಗಿಸಿ, ಏಪ್ರಿಲ್ ಒಳಗೆ ಅರ್ಜಿ ಕೊಡಿ. ಎಣಿಕೆ ಹಾಳೆಯ ಒಂದು ಪ್ರತಿಯನ್ನು ನನಗೂ ಕಳಿಸಿ. ನಿಮ್ಮೂರಿನ ಎರಡನೇ ಟ್ರಿಪ್ಪಿನ ಶೆಡ್ಯೂಲನ್ನು ನಾನೇ ಕೂತು ಬರೆದು ಕೊಡುತ್ತೇನೆ, ಅರ್ಜಿಯ ಜೊತೆ ಲಗತ್ತಿಸಿ.